ಡ್ರಾ ಎಂಬುದೇ ಇಲ್ಲದ ಆಟ: ಹೆಕ್ಸ್

ಹೆಕ್ಸ್ ಆಟದ ನಿಯಮ ಇಷ್ಟೇ. ಇಬ್ಬರೂ ಸರದಿಯಂತೆ ಖಾಲಿ ಮನೆಯಲ್ಲಿ ಒಂದೊಂದು ಕಾಯಿ ಇಡುತ್ತಾ ಹೋಗಬೇಕು. ತನ್ನ ಬಣ್ಣದ ಎರಡು ಅಂಚುಗಳನ್ನು ತನ್ನ ಕಾಯಿಗಳಿಂದ ಮೊದಲು ಜೋಡಿಸಿದವರು ಗೆದ್ದರು. ಒಮ್ಮೆ ಇಟ್ಟ ಕಾಯಿ ಕದಲುವುದಿಲ್ಲ, ಅದನ್ನು ಯಾರೂ ಹೊಡೆದು ಹೊರಗೆ ಹಾಕುವಂತೆಯೂ ಇಲ್ಲ. ದಾಳವಿಲ್ಲ, ಕವಡೆಯಿಲ್ಲ. ಚೌಕಾಬಾರದಲ್ಲಾದರೆ ಗರ ಬೀಳಲಿಲ್ಲ ಎಂದು ಹೇಳಿ ಸೋಲಿನಿಂದ ನುಣುಚಿಕೊಳ್ಳಬಹುದು. ಇಲ್ಲಿ ಆ ನೆಪಕ್ಕೂ ಜಾಗವಿಲ್ಲ.

ಈ ಆಟದಲ್ಲಿ ಮೊದಲು ಆಡುವವರು ತಪ್ಪು ಮಾಡದಿದ್ದರೆ ಗೆದ್ದೇ ಗೆಲ್ಲುತ್ತಾರೆ ಎಂಬುದು ಎಪ್ಪತ್ತು ವರ್ಷಗಳ ಹಿಂದೆಯೇ ಸಾಬೀತಾಗಿದೆ. ಆದರೆ ಮಾಮೂಲಿ ಅಳತೆಯ ಬೋರ್ಡಿನಲ್ಲಿ ಹೇಗೆ ಆಡಿದರೆ ಆ ಗೆಲುವು ಸಿಗುತ್ತದೆ ಎಂಬುದು ಈವರೆಗೂ ಯಾರಿಗೂ ಗೊತ್ತಿಲ್ಲ, ಕಂಪ್ಯೂಟರಿಗೂ ಗೊತ್ತಿಲ್ಲ. ಈ ಎರಡೂ ಮಾತು ಒಟ್ಟಿಗೆ ನಿಜವಾಗುವುದು ಹೇಗೆಂದು ತಿಳಿಯಬೇಕಾದರೆ ಮೊದಲು ಬೋರ್ಡನ್ನು ಸರಿಯಾಗಿ ನೋಡಬೇಕು.

ಬೋರ್ಡಿನ ಮನೆಗಳೆಲ್ಲ ಷಟ್ಕೋನಗಳು, ಜೇನುಹುಟ್ಟಿನ ಕಣ್ಣುಗಳಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸಾಮಾನ್ಯ ಅಳತೆ 11×11, ಅಂದರೆ ಒಟ್ಟು 121 ಮನೆ. ಪ್ರತಿ ಅಡ್ಡಸಾಲೂ ಮೇಲಿನ ಸಾಲಿಗಿಂತ ಅರ್ಧ ಮನೆಯಷ್ಟು ಬಲಕ್ಕೆ ಸರಿದಿರುವುದರಿಂದ ಇಡೀ ಬೋರ್ಡು ವಾಲಿದ ಚೌಕದಂತೆ ಕಾಣುತ್ತದೆ. ಮೇಲಿನ ಮತ್ತು ಕೆಳಗಿನ ಅಂಚು ಕೆಂಪಿನವರದು, ಎಡ ಮತ್ತು ಬಲದ ಅಂಚು ನೀಲಿಯವರದು. ನಾಲ್ಕು ಮೂಲೆಯ ಮನೆಗಳು ಮಾತ್ರ ಎರಡೂ ಕಡೆಗೆ ಸೇರಿದವು. ಕೆಂಪು ಮೇಲಿಂದ ಕೆಳಕ್ಕೆ ದಾರಿ ಹಾಕಬೇಕು, ನೀಲಿ ಎಡದಿಂದ ಬಲಕ್ಕೆ. ದಾರಿ ನೇರವಾಗಿರಬೇಕೆಂದೇನೂ ಇಲ್ಲ. ಎಷ್ಟೇ ಸುತ್ತಿ ಬಳಸಿ ಹೋದರೂ ಸರಿ, ಕಾಯಿಗಳ ಸಾಲು ಎಲ್ಲೂ ತುಂಡಾಗಬಾರದು, ಅಷ್ಟೇ.

ಇದಕ್ಕೆ ಬೋರ್ಡು ಕೊಳ್ಳಲೇಬೇಕಾಗಿಲ್ಲ. ಗಣಿತದ ಚೌಕಳಿ ನೋಟ್‌ಬುಕ್ಕಿನಲ್ಲಿ 11 ಅಡ್ಡಸಾಲು, 11 ಕಂಬಸಾಲಿನ ಒಂದು ಚೌಕ ಗುರುತಿಸಿಕೊಳ್ಳಿ. ಒಂದು ಮನೆಗೆ ಮೇಲೆ, ಕೆಳಗೆ, ಎಡ, ಬಲದ ಮನೆಗಳು ನೆರೆಮನೆಗಳು. ಜೊತೆಗೆ ಮೂಲೆಗೆ ತಾಗುವ ನಾಲ್ಕು ಮನೆಗಳ ಪೈಕಿ ಎರಡನ್ನು ಮಾತ್ರ ನೆರೆಯೆಂದು ಎಣಿಸಿ: ಮೇಲೆ ಬಲಕ್ಕಿರುವುದು ಮತ್ತು ಕೆಳಗೆ ಎಡಕ್ಕಿರುವುದು. ಉಳಿದ ಎರಡು ಲೆಕ್ಕಕ್ಕಿಲ್ಲ. ಆರು ನೆರೆಮನೆ ಸಿಕ್ಕಿತಲ್ಲ, ಹೆಕ್ಸ್ ಬೋರ್ಡು ಸಿದ್ಧವಾಯಿತು. ಇದು ಬದಲಿ ವ್ಯವಸ್ಥೆಯಲ್ಲ, ಗಣಿತದ ಕಣ್ಣಿಗೆ ಎರಡೂ ಒಂದೇ ಬೋರ್ಡು. ಕೆಂಪು ನೀಲಿ ಪೆನ್ನಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಸೊನ್ನೆ ಮತ್ತು ಗುಣಾಕಾರ ಚಿಹ್ನೆ ಸಾಕು. ಕಾಯಿ ಕದಲದ ಆಟವಾದ್ದರಿಂದ ಅಳಿಸುವ ಕೆಲಸವೇ ಇಲ್ಲ. ನನ್ನ ಮಟ್ಟಿಗೆ ಕಾಗದದ ಮೇಲೆ ಆಡುವುದೇ ಚೆನ್ನ, ಆಟ ಮುಗಿದ ಮೇಲೆ ಎಲ್ಲಿ ಕೆಟ್ಟಿತು ಎಂದು ಕೂತು ನೋಡಬಹುದು.

ಈ ಆಟ ಮೊದಲು ಜನರ ಕೈಗೆ ಬಂದದ್ದೂ ಕಾಗದದ ಮೇಲೆಯೇ. ಡೆನ್ಮಾರ್ಕಿನ ಪೀಟ್ ಹೈನ್ ಕವಿಯೂ ಹೌದು, ವಿನ್ಯಾಸಕಾರನೂ ಹೌದು, ಗಣಿತದ ಗೀಳು ಹಿಡಿದವನೂ ಹೌದು. ನಕ್ಷೆಗೆ ನಾಲ್ಕೇ ಬಣ್ಣ ಸಾಕೇ ಎಂಬ ಹಳೆಯ ಸಮಸ್ಯೆಯನ್ನು ಮನಸ್ಸಿನಲ್ಲಿ ಹೊರಳಾಡಿಸುತ್ತಿದ್ದಾಗ ಅವನಿಗೆ ಇದು ಹೊಳೆಯಿತು. ಆಗ ದೇಶ ಜರ್ಮನಿಯ ವಶದಲ್ಲಿತ್ತು. 1942ರ ಡಿಸೆಂಬರ್ 26ರಂದು ಕೋಪನ್‌ಹೇಗನ್‌ನ ಪೊಲಿಟಿಕೆನ್ ಪತ್ರಿಕೆ ಇದನ್ನು 'ಪಾಲಿಗಾನ್' ಎಂಬ ಹೆಸರಿನಲ್ಲಿ ಪ್ರಕಟಿಸಿತು. ಮನೆಗಳನ್ನು ಅಚ್ಚು ಹಾಕಿದ ಹಾಳೆಗಳ ಕಟ್ಟುಗಳು ಮಾರಾಟವಾದವು. ಜನ ಪೆನ್ಸಿಲ್ ಹಿಡಿದು ಆಡಿದರು. 1948ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಓದುತ್ತಿದ್ದ ಜಾನ್ ನ್ಯಾಷ್ ಕೂಡ ತಾನಾಗಿಯೇ ಇದೇ ಆಟಕ್ಕೆ ಬಂದು ತಲುಪಿದ. ಅಲ್ಲಿನ ವಿದ್ಯಾರ್ಥಿಗಳು ಅದನ್ನು 'ನ್ಯಾಷ್' ಎಂದೇ ಕರೆಯುತ್ತಿದ್ದರು. 'ಹೆಕ್ಸ್' ಎಂಬ ಹೆಸರು ಅಂಟಿದ್ದು 1952ರಲ್ಲಿ, ಪಾರ್ಕರ್ ಬ್ರದರ್ಸ್ ಕಂಪನಿ ಈ ಆಟವನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದಾಗ. ಐದು ವರ್ಷದ ನಂತರ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಮಾರ್ಟಿನ್ ಗಾರ್ಡ್ನರ್ ಬರೆದ ಅಂಕಣದಿಂದ ಅದು ಜಗತ್ತಿಗೆಲ್ಲ ಹರಡಿತು.

ಷಟ್ಕೋನವೇ ಯಾಕೆ ಬೇಕಿತ್ತು? ಚೆಸ್ ಬೋರ್ಡಿನಂಥ ಚೌಕಗಳಲ್ಲಿ ಇದೇ ಆಟ ಆಡಲು ನೋಡಿ, ತಕ್ಷಣ ತೊಡಕು ತಿಳಿಯುತ್ತದೆ. ಅಲ್ಲಿ ಒಂದು ಮೂಲೆಯಲ್ಲಿ ನಾಲ್ಕು ಮನೆ ಕೂಡುತ್ತವೆ. ಎದುರುಬದುರಿನ ಎರಡರಲ್ಲಿ ಕೆಂಪು, ಉಳಿದೆರಡರಲ್ಲಿ ನೀಲಿ ಕೂತರೆ ಇಬ್ಬರೂ ಇಬ್ಬರನ್ನೂ ತಡೆದಂತಾಗಿ ಆಟ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಷಟ್ಕೋನಗಳಲ್ಲಿ ಒಂದು ಮೂಲೆಗೆ ಮೂರೇ ಮನೆ. ಮೂರು ಮನೆ, ಎರಡು ಬಣ್ಣ ಅಂದಮೇಲೆ ಕನಿಷ್ಠ ಎರಡು ಒಂದೇ ಬಣ್ಣದವು, ಅವು ಒಂದನ್ನೊಂದು ತಾಗಿಯೇ ಇರುತ್ತವೆ. ಹೆಕ್ಸ್‌ನ ಬೆರಗೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದ್ದು.

ಇದರಿಂದ ಡ್ರಾ ಅಸಾಧ್ಯವಾಗುವುದು ಹೇಗೆ ನೋಡೋಣ. 121 ಮನೆಗಳೂ ಭರ್ತಿಯಾದ ಬೋರ್ಡೊಂದನ್ನು ಕಲ್ಪಿಸಿಕೊಳ್ಳಿ, ಯಾವ ಬಣ್ಣ ಎಲ್ಲಿದ್ದರೂ ಸರಿ. ಎಡ ಮೇಲ್ಮೂಲೆಯ ಹೊರಗೆ, ಮೇಲಿನ ಕೆಂಪು ಅಂಚೂ ಎಡದ ನೀಲಿ ಅಂಚೂ ಕೂಡುವಲ್ಲಿ ನಿಂತು, ಮನೆಗಳ ನಡುವಿನ ಗೆರೆಯ ಮೇಲೆ ನಡೆಯುತ್ತಾ ಒಳಗೆ ಬನ್ನಿ. ಷರತ್ತು ಒಂದೇ: ನಿಮ್ಮ ಎಡಗೈಗೆ ಯಾವಾಗಲೂ ಕೆಂಪು, ಬಲಗೈಗೆ ಯಾವಾಗಲೂ ನೀಲಿ. ಪ್ರತಿ ಕೂಡುದಾರಿಯಲ್ಲೂ ಎದುರಿಗೆ ಮೂರನೆಯ ಮನೆಯೊಂದು ಸಿಗುತ್ತದೆ. ಅದು ಕೆಂಪಾದರೆ ಬಲಕ್ಕೆ ತಿರುಗಿ, ನೀಲಿಯಾದರೆ ಎಡಕ್ಕೆ. ಷರತ್ತು ಮುರಿಯದೆ ಮುಂದೆ ಹೋಗಲು ಪ್ರತಿ ಸಲವೂ ಒಂದು ದಾರಿ ಇದ್ದೇ ಇರುತ್ತದೆ, ಅದೂ ಒಂದೇ ಒಂದು. ಆದ್ದರಿಂದ ನೀವು ಎಲ್ಲೂ ಸಿಕ್ಕಿಬೀಳುವುದಿಲ್ಲ. ಬಂದ ದಾರಿಗೇ ಮತ್ತೆ ಸುತ್ತಿ ಬಂದು ಸೇರುವುದೂ ಆಗದು, ಏಕೆಂದರೆ ಹಾಗೆ ಸೇರಬೇಕಾದರೆ ಒಂದು ಕೂಡುದಾರಿಯ ಮೂರೂ ಗೆರೆಗಳು ಕೆಂಪು ನೀಲಿಗಳ ಗಡಿಯಾಗಿರಬೇಕು, ಎರಡೇ ಬಣ್ಣದ ಮೂರು ಮನೆಗಳಿಂದ ಅದು ಸಾಧ್ಯವಿಲ್ಲ. ಮನೆಗಳ ಲೆಕ್ಕ ಸೀಮಿತ. ಹಾಗಾಗಿ ನಡಿಗೆ ಇನ್ನೊಂದು ಮೂಲೆಯಿಂದ ಹೊರಬೀಳಲೇಬೇಕು.

ಯಾವ ಮೂಲೆ? ಬಲ ಮೇಲ್ಮೂಲೆಯಿಂದ ಹೊರಬಿದ್ದರೆ, ನಿಮ್ಮ ಬಲಗೈಗೆ ಸಿಕ್ಕ ನೀಲಿ ಮನೆಗಳು ಎಡ ಅಂಚನ್ನೂ ಬಲ ಅಂಚನ್ನೂ ಜೋಡಿಸಿಬಿಟ್ಟಿವೆ, ನೀಲಿ ಗೆದ್ದಿದೆ. ಎಡ ಕೆಳಮೂಲೆಯಿಂದ ಹೊರಬಿದ್ದರೆ ಎಡಗೈಯ ಕೆಂಪು ಮನೆಗಳು ಮೇಲಿಂದ ಕೆಳಗಿನವರೆಗೆ ಬಂದಿವೆ, ಕೆಂಪು ಗೆದ್ದಿದೆ. ಉಳಿದ ಬಲ ಕೆಳಮೂಲೆಯಲ್ಲಿ ಹೊರಬಂದರೆ ಎಡಗೈಗೆ ನೀಲಿ ಅಂಚು ಬಂದು ಷರತ್ತು ಮುರಿಯುವುದರಿಂದ ಅದು ಆಗುವ ಮಾತಲ್ಲ. ಅಂತೂ ಬೋರ್ಡು ಹೇಗೇ ತುಂಬಿರಲಿ, ಒಬ್ಬರು ಗೆದ್ದೇ ಇರುತ್ತಾರೆ. ಒಂದು ಬಣ್ಣದ ದಾರಿ ಪೂರ್ತಿಯಾದರೆ ಇನ್ನೊಂದು ಬಣ್ಣ ಅದನ್ನು ದಾಟಲಾಗದು, ಆದ್ದರಿಂದ ಇಬ್ಬರೂ ಗೆಲ್ಲುವುದೂ ಇಲ್ಲ.

ಇದು ಬರೀ ಆಟದ ಮಾತಾಗಿ ಉಳಿಯಲಿಲ್ಲ. 1979ರಲ್ಲಿ ಡೇವಿಡ್ ಗೇಲ್ ಎಂಬ ಗಣಿತಜ್ಞ, ಹೆಕ್ಸ್‌ನಲ್ಲಿ ಡ್ರಾ ಇಲ್ಲ ಎಂಬುದೂ ಬ್ರೌವರ್‌ನ ಸ್ಥಿರಬಿಂದು ಪ್ರಮೇಯವೂ ಒಂದರಿಂದ ಇನ್ನೊಂದನ್ನು ಪಡೆಯಬಹುದಾದ ಮಾತುಗಳು ಎಂದು ತೋರಿಸಿದ. ಒಂದು ಬಿಲ್ಲೆಯ ಬಿಂದುಗಳನ್ನು ಹರಿಯದೆ ತುಂಡರಿಸದೆ ಅದರೊಳಗೇ ಹೇಗೆ ಸರಿಸಿದರೂ ಒಂದಾದರೂ ಬಿಂದು ತನ್ನ ಜಾಗದಲ್ಲೇ ಉಳಿಯುತ್ತದೆ ಎನ್ನುವುದು ಆ ಪ್ರಮೇಯ. ನ್ಯಾಷ್‌ಗೆ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಂದುಕೊಟ್ಟ ಸಮತೋಲನದ ಸಾಧನೆಗೂ ಈ ಬಗೆಯ ಸ್ಥಿರಬಿಂದು ಪ್ರಮೇಯಗಳೇ ಆಧಾರ.

ಆಡುವವರಿಗೆ ಇದರಿಂದ ಬರುವ ಲಾಭ ಬೇರೆ. ಡ್ರಾ ಇಲ್ಲ ಎನ್ನುವುದನ್ನು ಹೆಚ್ಚಿನವರು ಒಂದು ಚಮತ್ಕಾರದಂತೆ ಹೇಳಿ ಮುಂದೆ ಹೋಗುತ್ತಾರೆ. ನನಗೆ ಅನ್ನಿಸುವಂತೆ ಆಟದ ಪಾಠವೆಲ್ಲ ಅದರಲ್ಲೇ ಇದೆ. ಎದುರಾಳಿಯ ದಾರಿಯನ್ನು ಪೂರ್ತಿ ತಡೆದಿರಿ ಅಂದರೆ ನಿಮ್ಮ ದಾರಿ ಪೂರ್ತಿಯಾಯಿತು ಅಂತಲೇ ಅರ್ಥ. ಹೆಕ್ಸ್‌ನಲ್ಲಿ ತಡೆಯುವುದೂ ಕಟ್ಟುವುದೂ ಒಂದೇ ಕೆಲಸ. 'ಈಗ ರಕ್ಷಣೆ, ಆಮೇಲೆ ದಾಳಿ' ಎಂದು ಭಾಗ ಮಾಡಿಕೊಂಡು ಆಡುವವರು ಸೋಲುತ್ತಾರೆ.

ಕಟ್ಟುವ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಸೇತುವೆ. ಒಂದು ಕಾಯಿಯ ಪಕ್ಕದಲ್ಲೇ ಇನ್ನೊಂದನ್ನು ಇಡುವುದು ಆಮೆಯ ನಡಿಗೆ. ಅದರ ಬದಲು, ಎರಡು ಕಾಯಿಗಳ ನಡುವೆ ಎರಡಕ್ಕೂ ನೆರೆಯಾದ ಖಾಲಿ ಮನೆ ಎರಡು ಇರುವಂತೆ ಇಡಿ. ಎದುರಾಳಿ ಒಂದರಲ್ಲಿ ನುಗ್ಗಿದರೆ ನೀವು ಇನ್ನೊಂದನ್ನು ತುಂಬುತ್ತೀರಿ. ಕಾಯಿಗಳು ತಾಗದಿದ್ದರೂ ಕೂಡಿದ ಹಾಗೇ ಲೆಕ್ಕ. ಚೌಕಳಿ ಹಾಳೆಯಲ್ಲಿ ಒಂದು ಕಾಯಿಗೆ ಇಂಥ ಆರು ಸೇತುವೆಗಳುಂಟು. ಅವುಗಳಲ್ಲಿ ನಾಲ್ಕು, ಚೆಸ್ ಕುದುರೆಯ ಕೆಲವು ನಡೆಗಳೇ.

ಲೆಕ್ಕ ಹಾಕಿ ನೋಡಿ. ಕೆಂಪಿನ ಒಂದು ಕಾಯಿ ನಟ್ಟನಡುವೆ ಇದೆ: 6ನೇ ಅಡ್ಡಸಾಲು, 6ನೇ ಕಂಬಸಾಲು. ಕೆಳಕ್ಕೆ ಸೇತುವೆ ಹಾಕಿದರೆ 8ನೇ ಅಡ್ಡಸಾಲಿನ 5ನೇ ಮನೆ, ಅಲ್ಲಿಂದ 10ನೇ ಸಾಲಿನ 4ನೇ ಮನೆ. ಮೇಲಕ್ಕೆ 4ನೇ ಸಾಲಿನ 7ನೇ ಮನೆ, ಆಮೇಲೆ 2ನೇ ಸಾಲಿನ 8ನೇ ಮನೆ. ಎರಡನೇ ಸಾಲಿನ ಕಾಯಿಗೂ ಅಂಚಿಗೂ ನಡುವೆ ಖಾಲಿ ಮನೆ ಎರಡು ಇರುವುದರಿಂದ ಅಲ್ಲೂ ಸೇತುವೆಯೇ, 10ನೇ ಸಾಲಿನಲ್ಲೂ ಹಾಗೆಯೇ. ಒಟ್ಟು ಐದೇ ಕಾಯಿ, ಒಂದಕ್ಕೊಂದು ತಾಗಿಲ್ಲ, ಆದರೂ ಆಟ ಮುಗಿದಿದೆ. ನಡುವೆ ಉಳಿದಿರುವುದು ಆರು ಜೋಡಿ ಖಾಲಿ ಮನೆ. ನೀಲಿ ಯಾವ ಜೋಡಿಯಲ್ಲಿ ಕೈ ಹಾಕಿದರೂ ಕೆಂಪಿಗೆ ಅದರ ಜೊತೆಗಾರ ಮನೆ ಕಾದಿರುತ್ತದೆ. ನೀಲಿ ಸುಮ್ಮನೆ ನೋಡುತ್ತ ಕೂತಿರುವುದಿಲ್ಲವಾದ್ದರಿಂದ ಆಟದಲ್ಲಿ ಐದೂ ಕಾಯಿ ಹೀಗೆ ಸಲೀಸಾಗಿ ಸಿಗುವುದಿಲ್ಲ, ಅದು ಬೇರೆ ಮಾತು. ಒಂದು ನಡೆಯಿಂದ ಎರಡು ಸೇತುವೆಗೆ ಒಟ್ಟಿಗೆ ಕೈಹಾಕುವಂತಾದರೆ ಸೇತುವೆಯೂ ಕಡಿಯುತ್ತದೆ. ಪಳಗಿದವರು ಹುಡುಕುವುದು ಅಂಥ ನಡೆಗಳನ್ನೇ.

ತಡೆಯುವುದರಲ್ಲಿ ಹೊಸಬರು ಬೀಳುವ ಹಳ್ಳವೆಂದರೆ ಎದುರಾಳಿಯ ಕಾಯಿಗೆ ಮೂಗು ತಾಗಿಸಿಕೊಂಡು ನಿಲ್ಲುವುದು. ಆತ ಪಕ್ಕದಿಂದ ಸುತ್ತಿ ಹೋಗುತ್ತಾನೆ, ನೀವು ಮತ್ತೆ ಪಕ್ಕದಲ್ಲಿ ಇಡುತ್ತೀರಿ, ಹೀಗೇ ಅಂಚಿನವರೆಗೆ ಕೈಹಿಡಿದು ತಲುಪಿಸಿ ಬಂದಂತಾಗುತ್ತದೆ. ಅವನ ಕಾಯಿಗೂ ಅವನ ಅಂಚಿಗೂ ನಡುವೆ, ಅವನ ಕಾಯಿಯಿಂದ ದೂರದಲ್ಲಿ ಇಟ್ಟ ಕಾಯಿಯೇ ನಿಜವಾದ ತಡೆ. ಅವನು ಯಾವ ಪಕ್ಕಕ್ಕೆ ಹೊರಳಿದರೂ ನಿಮಗೆ ಉತ್ತರಿಸಲು ಸಮಯವಿರುತ್ತದೆ.

ಅಂಚಿನ ಹತ್ತಿರ ನಡೆಯುವ ಇನ್ನೊಂದು ಪ್ರಸಂಗಕ್ಕೆ ಏಣಿ ಎನ್ನುತ್ತಾರೆ. ಕೆಂಪು ಕೆಳಗಿನಿಂದ ಎರಡನೇ ಸಾಲಿಗೆ ಬಂದಿದೆ, ಅದರ ಕೆಳಗೆ ಮೊದಲ ಸಾಲಿನಲ್ಲಿ ಸೇತುವೆಯ ಎರಡೂ ಮನೆಗಳಲ್ಲಿ ನೀಲಿ ಅಡ್ಡ ನಿಂತಿದೆ. ಕೆಂಪು ಪಕ್ಕದ ಮನೆಗೆ ಸರಿದು ಮತ್ತೆ ಇಳಿಯಲು ನೋಡುತ್ತದೆ, ನೀಲಿ ಮತ್ತೆ ಕೆಳಗೆ ತಡೆಯಲೇಬೇಕು. ಹೀಗೆ ಎರಡು ಸಾಲು ಕಾಯಿ ಜೊತೆಜೊತೆಗೆ ಓಡುತ್ತವೆ. ಓಟ ಕೊನೆಯವರೆಗೆ ನಡೆದರೆ ಕೆಂಪಿಗೆ ನಷ್ಟ, ಅದರ ಮುಂದೆ ಸಿಗುವುದು ನೀಲಿಯ ಅಂಚು. ಆದರೆ ಓಟದ ದಾರಿಯಲ್ಲಿ ಮೊದಲೇ ಕೆಂಪಿನ ಒಂದು ಕಾಯಿ ಅಂಚಿಗೆ ಕೂಡಿಕೊಂಡು ಕೂತಿದ್ದರೆ ಲೆಕ್ಕ ತಲೆಕೆಳಗು. ಹಾಗಾಗಿ ಬಲ್ಲವರು ಏಣಿ ಶುರುವಾಗುವುದಕ್ಕೂ ಮುಂಚೆ, ಬೇರೇನೋ ಬೆದರಿಕೆ ಹಾಕುವ ನೆಪದಲ್ಲಿ, ಮುಂದೆ ಉಪಯೋಗಕ್ಕೆ ಬರುವ ಒಂದು ಕಾಯಿಯನ್ನು ಅಲ್ಲಿ ಕೂರಿಸಿಬಿಡುತ್ತಾರೆ. ಒಂದೇ ಕಾಯಿಗೆ ಎರಡು ಕೆಲಸ ಹಚ್ಚುವುದು ಈ ಆಟದ ಜಾಣತನ.

ಈಗ ಮೊದಲ ಆಟಗಾರನ ಗೆಲುವಿನ ಮಾತಿಗೆ ಬರೋಣ. ನ್ಯಾಷ್ ಕೊಟ್ಟ ವಾದ ಹೀಗಿದೆ. ಎರಡನೆಯವರ ಬಳಿ ಸೋಲೇ ಇಲ್ಲದ ತಂತ್ರವೊಂದಿದೆ ಎಂದುಕೊಳ್ಳಿ. ಮೊದಲನೆಯವರು ಎಲ್ಲೋ ಒಂದು ಕಡೆ ಕಾಯಿ ಇಟ್ಟು ಅದನ್ನು ಮರೆತುಬಿಡಲಿ. ಇನ್ನು ಮುಂದೆ ತಾವೇ ಎರಡನೆಯವರು ಎಂದು ಭಾವಿಸಿ ಅದೇ ತಂತ್ರವನ್ನು ಆಡಲಿ. ತಂತ್ರ ಹೇಳಿದ ಮನೆಯಲ್ಲಿ ಆ ಮರೆತ ಕಾಯಿಯೇ ಕೂತಿದ್ದರೆ ಮತ್ತೆಲ್ಲಾದರೂ ಇನ್ನೊಂದು ಇಟ್ಟರಾಯಿತು. ಚೆಸ್‌ನಲ್ಲಿ 'ನಡೆಸಲೇಬೇಕಲ್ಲ' ಎಂಬುದೇ ಕೆಲವೊಮ್ಮೆ ಕುತ್ತಿಗೆಗೆ ಬರುತ್ತದೆ. ಹೆಕ್ಸ್‌ನಲ್ಲಿ ನಮ್ಮದೇ ಬಣ್ಣದ ಹೆಚ್ಚುವರಿ ಕಾಯಿಯಿಂದ ಎಂದೂ ಕೇಡಿಲ್ಲ. ಅಲ್ಲಿಗೆ ಮೊದಲನೆಯವರೂ ಗೆದ್ದರು, ಎರಡನೆಯವರೂ ಗೆದ್ದರು ಎಂದಾಯಿತು. ಅದು ಅಸಂಗತ, ಆದ್ದರಿಂದ ಎರಡನೆಯವರಿಗೆ ಅಂಥ ತಂತ್ರ ಇಲ್ಲ. ಡ್ರಾ ಎಂಬುದೂ ಇಲ್ಲದ್ದರಿಂದ ಗೆಲ್ಲುವ ತಂತ್ರ ಮೊದಲನೆಯವರಿಗೇ ಇರಬೇಕು.

ವಾದದಲ್ಲಿ ಒಂದೇ ಒಂದು ಮನೆಯ ಹೆಸರೂ ಬರಲಿಲ್ಲ ಎಂಬುದನ್ನು ಗಮನಿಸಿ. ಗೆಲುವು ಇದೆ ಎಂದು ಅದು ಹೇಳುತ್ತದೆ, ಮೊದಲ ಕಾಯಿ ಎಲ್ಲಿಡಬೇಕು ಎಂದು ಹೇಳುವುದಿಲ್ಲ. ದಾರಿ ಹುಡುಕುವ ಕೆಲಸ ಕಂಪ್ಯೂಟರುಗಳ ಪಾಲಿಗೆ ಬಂತು. ಬೋರ್ಡು ದೊಡ್ಡದಾದಂತೆ ಲೆಕ್ಕ ಕೈಮೀರುತ್ತದೆ ಎಂಬುದನ್ನು 1981ರಲ್ಲಿ ಸ್ಟೆಫಾನ್ ರೈಶ್ ಸಿದ್ಧಾಂತದ ಮಟ್ಟದಲ್ಲೇ ತೋರಿಸಿದ. 7×7 ಬೋರ್ಡಿಗೆ ಪೂರ್ತಿ ತಂತ್ರ ಸಿಕ್ಕಿದ್ದು ಈ ಶತಮಾನದ ಆರಂಭದಲ್ಲಿ. ಆಮೇಲೆ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ ಒಂದೊಂದೇ ಅಳತೆ ಮೇಲೆ ಹೋಗುತ್ತಾ 2013ರಲ್ಲಿ 9×9ರ ಪ್ರತಿಯೊಂದು ಆರಂಭದ ನಡೆಯನ್ನೂ, 10×10ರಲ್ಲಿ ಒಂದು ನಡೆಯನ್ನೂ ಬಗೆಹರಿಸಿತು. 11×11 ಹಾಗೇ ನಿಂತಿದೆ.

ಬೋರ್ಡನ್ನು ಸ್ವಲ್ಪ ಓರೆ ಮಾಡಿದರೆ ಮಾತ್ರ ಎಲ್ಲ ಸುಲಭ. ಒಬ್ಬರ ಅಂಚುಗಳು ಇನ್ನೊಬ್ಬರದಕ್ಕಿಂತ ಒಂದು ಸಾಲು ಹತ್ತಿರವಿದ್ದರೆ, ಎರಡನೆಯವರಾಗಿ ಆಡಿದರೂ ಅವರೇ ಗೆಲ್ಲುತ್ತಾರೆ. ಮನೆಗಳನ್ನು ಜೋಡಿ ಮಾಡಿಕೊಂಡು ಎದುರಾಳಿ ಇಟ್ಟಲ್ಲೆಲ್ಲ ಜೊತೆಗಾರ ಮನೆಯಲ್ಲಿ ಇಡುತ್ತಾ ಹೋದರೆ ಸಾಕು, ತಲೆ ಓಡಿಸುವ ಅಗತ್ಯವೇ ಇಲ್ಲ. ಮಾಹಿತಿ ಸಿದ್ಧಾಂತದ ಕ್ಲಾಡ್ ಶಾನನ್ ಇದನ್ನಿಟ್ಟುಕೊಂಡು 7×8 ಬೋರ್ಡಿನ ಒಂದು ಯಂತ್ರ ಮಾಡಿದ್ದ. ಹತ್ತಿರದ ಅಂಚುಗಳು ಯಂತ್ರದ್ದು. ಪ್ರತಿ ನಡೆಗೂ ಮುನ್ನ ಅದು ಯೋಚಿಸುತ್ತಿರುವಂತೆ ಕಾಣಲೆಂದು ಬೇಕಂತಲೇ ತಡ ಮಾಡುವ ಏರ್ಪಾಡೂ ಇತ್ತು. ಎದುರು ಕೂತವರು ಬುದ್ಧಿವಂತ ಯಂತ್ರಕ್ಕೆ ಸೋತೆವೆಂದುಕೊಂಡು ಏಳುತ್ತಿದ್ದರು.

ಆದರೆ ಮೊದಲನೆಯವರಿಗೇ ಮೇಲುಗೈ ಎಂದಾದರೆ ಆಟಕ್ಕೆ ನ್ಯಾಯ ಎಲ್ಲಿ? ಅದಕ್ಕೇ ಈಗ ಬಹುತೇಕ ಎಲ್ಲರೂ ಅದಲುಬದಲಿನ ನಿಯಮ ಸೇರಿಸಿಕೊಂಡು ಆಡುತ್ತಾರೆ. ಮೊದಲನೆಯವರು ಒಂದು ಕಾಯಿ ಇಟ್ಟ ಮೇಲೆ ಎರಡನೆಯವರಿಗೆ ಆಯ್ಕೆ ಇರುತ್ತದೆ: ಮಾಮೂಲಿನಂತೆ ತಮ್ಮ ಕಾಯಿ ಇಡಬಹುದು, ಇಲ್ಲವೇ ಬಣ್ಣ ಬದಲಿಸಿಕೊಂಡು ಆ ಮೊದಲ ಕಾಯಿಯನ್ನೇ ತಮ್ಮದಾಗಿಸಿಕೊಳ್ಳಬಹುದು. ಈ ಅವಕಾಶ ಒಮ್ಮೆ ಮಾತ್ರ. ಒಂದೇ ಒಬ್ಬಟ್ಟನ್ನು ಇಬ್ಬರು ಮಕ್ಕಳಿಗೆ ಹಂಚುವಾಗ ಒಬ್ಬ ಮುರಿಯಬೇಕು, ಇನ್ನೊಬ್ಬ ಆರಿಸಬೇಕು ಎನ್ನುವುದಿಲ್ಲವೇ, ಅದೇ ನ್ಯಾಯ. ನಡುಮನೆಯಲ್ಲಿ ಇಟ್ಟರೆ ಎದುರಾಳಿ ಕಣ್ಣುಮುಚ್ಚಿ ಕಸಿದುಕೊಳ್ಳುತ್ತಾನೆ. ಚೂಪು ಮೂಲೆಯಲ್ಲಿ (ಚೌಕಳಿ ಹಾಳೆಯಲ್ಲಾದರೆ ಎಡ ಮೇಲ್ಮೂಲೆ ಅಥವಾ ಬಲ ಕೆಳಮೂಲೆ) ಇಟ್ಟರೆ ಕಸಿಯುವುದಿಲ್ಲ, ಆದರೆ ಆ ಆರಂಭ ಸೋಲುವ ಆರಂಭವೆಂದು ಸಾಬೀತಾಗಿದೆ. ಎರಡರ ನಡುವೆ, ಎದುರಾಳಿಗೆ ಬೇಕೋ ಬೇಡವೋ ಎಂದು ತಿಳಿಯದಂಥ ಮನೆಯೊಂದನ್ನು ಹುಡುಕಬೇಕು. ಶಾಸ್ತ್ರದ ಪ್ರಕಾರ ಈ ನಿಯಮ ಬಂದ ಕೂಡಲೇ ಗೆಲುವು ಎರಡನೆಯವರ ಕಡೆಗೆ ವಾಲುತ್ತದೆ, ನಿಜ. ಆದರೆ 11×11ರಲ್ಲಿ ಯಾವ ಆರಂಭ ಗೆಲ್ಲುತ್ತದೆ, ಯಾವುದು ಸೋಲುತ್ತದೆ ಎಂಬುದರ ಪೂರ್ತಿ ಪಟ್ಟಿ ಯಾರ ಬಳಿಯೂ ಇಲ್ಲದಿರುವವರೆಗೆ ಆ ಶಾಸ್ತ್ರದಿಂದ ಮನುಷ್ಯರ ಆಟಕ್ಕೆ ಬಾಧಕವಿಲ್ಲ.

ಮೊದಲ ಸಲ ಆಡುವವರು 5×5ರಲ್ಲಿ ಎರಡು ಆಟ ಮುಗಿಸಿ 7×7ಕ್ಕೆ ಹೋಗುವುದು ಒಳ್ಳೆಯದು. ಅಲ್ಲಿ ಸೇತುವೆಯೂ ಏಣಿಯೂ ಬೇಗ ಕಣ್ಣಿಗೆ ಬೀಳುತ್ತವೆ, ಒಂದು ಆಟ ಐದು ನಿಮಿಷಕ್ಕೆ ಮುಗಿಯುತ್ತದೆ. ಹೈನ್‌ಗೆ 11×11 ಇಷ್ಟ, ನ್ಯಾಷ್‌ಗೆ 14×14. ಇನ್ನೂ ಒಂದು ಮಾತು: ಪಳಗಿದವರು ಕೊನೆಯ ಕಾಯಿ ಇಡುವವರೆಗೆ ಕಾಯುವುದಿಲ್ಲ. ಸೇತುವೆಗಳು ಅಂಚಿನಿಂದ ಅಂಚಿಗೆ ಕೂಡಿದ್ದು ಕಂಡರೆ, ಬೋರ್ಡಿನ ಅರ್ಧಕ್ಕಿಂತ ಹೆಚ್ಚು ಖಾಲಿಯಿದ್ದರೂ, ಸೋತವರು ಕಾಯಿ ಕೆಳಗಿಟ್ಟು ಮುಂದಿನ ಹಾಳೆ ತಿರುಗಿಸುತ್ತಾರೆ. ನಿಮ್ಮ ಎದುರಾಳಿ ಹಾಗೆ ಮಾಡಿದಾಗ ನಿಮಗೆ ಗೆಲುವು ಇನ್ನೂ ಕಾಣದಿದ್ದರೆ, ಎಲ್ಲಿದೆ ಎಂದು ಕೇಳಿ ತೋರಿಸಿಕೊಳ್ಳಿ.